ಆರಂಗುಲದ ಬೈರಿಗೆಯ ಪರವಾಗಿ

ಅಮೆರಿಕದ ಮಿನ್ನೆಸೋಟದಲ್ಲಿ ನೆಲೆಸಿರುವ ನನ್ನ ಹಳೆಯ ಶಿಷ್ಯನೊಬ್ಬನು ಕಳೆದ ತಿಂಗಳು ಪತ್ರ ಬರೆದು ವಿಚಿತ್ರವಾದ ಪ್ರಶ್ನೆಯೊಂದನ್ನು ಕೇಳಿದ್ದಾನೆ. “ಮೇಷ್ಟ್ರೇ, ಈ ಚಳಿಗಾಲದಲ್ಲಿ ಮಗನನ್ನು ಕರೆದುಕೊಂಡು ಹೆಪ್ಪುಗಟ್ಟಿದ ಸರೋವರದ ಮೇಲೆ ಮೀನು ಹಿಡಿಯಲು ಹೋಗಬೇಕೆಂದಿದ್ದೇನೆ. ಮಂಜುಗಡ್ಡೆಯನ್ನು ಕೊರೆಯುವ ಕೈಬೈರಿಗೆ ಆರಂಗುಲದ್ದು ಕೊಳ್ಳಲೋ, ಎಂಟಂಗುಲದ್ದೋ? ತಾವು ಎರಡು ಚಳಿಗಾಲ ಇಲ್ಲಿದ್ದು ಎಲ್ಲವನ್ನೂ ನೋಡಿದ್ದೀರಲ್ಲ!”

ಈ ಮಹಾಶಯನು ಮಧ್ಯಾಹ್ನದ ಗಣಿತದ ಪಾಠಕ್ಕೆ ತಪ್ಪಿಸಿಕೊಂಡು ಹಲಸೂರು ಕೆರೆಯ ದಂಡೆಯಲ್ಲಿ ಬಿದಿರುಕೋಲಿಗೆ ಗಾಳ ಕಟ್ಟಿ ಕುಳಿತಿರುತ್ತಿದ್ದವನು. ಅಂದು ನಾನು ಬೈದದ್ದು ಅವನ ತಲೆಗೆ ಹೋಗಲಿಲ್ಲವೆಂಬುದು ಈಗ ಖಚಿತವಾಯಿತು. ನಾನು ಮೀನು ತಿನ್ನುವವನೂ ಅಲ್ಲ, ಹಿಡಿಯುವವನೂ ಅಲ್ಲ. ಆದರೆ ಮಗಳ ಮನೆಯಲ್ಲಿದ್ದಾಗ ಬೈರಿಗೆಯನ್ನು ಕೈಯಾರೆ ತಿರುಗಿಸಿದ್ದೇನೆ. ಪ್ರಶ್ನೆಯ ಅರ್ಧಭಾಗವಂತೂ ಕೇವಲ ಗಣಿತ. ಆದ್ದರಿಂದ ಉತ್ತರವನ್ನು ಎಲ್ಲರೂ ಓದುವಂತೆ ಇಲ್ಲಿಯೇ ಬರೆಯುತ್ತಿದ್ದೇನೆ.

ಈ ಉಪಕರಣವನ್ನು ಕಾಣದವರಿಗೆ ಒಂದು ಮಾತು. ಶಿವಾಜಿನಗರದ ಬಡಗಿಗಳ ಬಳಿ ಹಿಂದೆ ಇರುತ್ತಿದ್ದ, ನಡುವೆ ಬಾಗಿದ ಹಿಡಿಯುಳ್ಳ ಕೈಬೈರಿಗೆಯನ್ನು ನೆನೆಸಿಕೊಳ್ಳಿ. ಅದನ್ನೇ ಎದೆಯೆತ್ತರಕ್ಕೆ ಬೆಳೆಸಿ, ಕೆಳಗೆ ಸುರುಳಿಯಾದ ತಗಡನ್ನೂ ಅದರ ತುದಿಗೆ ಎರಡು ಅಲಗುಗಳನ್ನೂ ಜೋಡಿಸಿದರೆ ಮಂಜುಗಡ್ಡೆಯ ಬೈರಿಗೆ ಸಿದ್ಧ. ಒಂದು ಕೈ ಮೇಲಿನ ಗುಂಡಿಯನ್ನು ಒತ್ತಿ ಹಿಡಿಯುತ್ತದೆ, ಇನ್ನೊಂದು ಕೈ ತಿರುಗಿಸುತ್ತದೆ. ಅಲಗುಗಳು ಹೆರೆದ ಪುಡಿ ಸುರುಳಿಯ ಮೂಲಕ ಮೇಲಕ್ಕೆ ಬರುತ್ತದೆ.

ಇನ್ನು ಲೆಕ್ಕ. ತೂತಿನ ಕ್ಷೇತ್ರಫಲವು ವ್ಯಾಸದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ಇದನ್ನು ಒಂಬತ್ತನೆಯ ತರಗತಿಯಲ್ಲಿ ಎಷ್ಟು ಸಲ ಹೇಳಿದ್ದೇನೋ! ಆರಂಗುಲದ ತೂತಿನ ಕ್ಷೇತ್ರಫಲ ಸುಮಾರು 28 ಚದರಂಗುಲ, ಎಂಟಂಗುಲದ್ದು 50, ಹತ್ತಂಗುಲದ್ದು 78. ಒಂದು ಅಡಿ ದಪ್ಪದ ಮಂಜುಗಡ್ಡೆಯಲ್ಲಿ ಆರಂಗುಲದ ತೂತು ಕೊರೆದರೆ ಸುಮಾರು 5 ಕಿಲೋಗ್ರಾಂ ಮಂಜುಗಡ್ಡೆಯನ್ನು ಹೆರೆದು ಹೊರಹಾಕಬೇಕು. ಎಂಟಂಗುಲದ್ದಾದರೆ 9 ಕಿಲೋ, ಹತ್ತಂಗುಲದ್ದಾದರೆ 14 ಕಿಲೋ. ಎರಡಂಗುಲ ಹೆಚ್ಚಾದರೆ ಎರಡಂಗುಲದಷ್ಟೇ ಶ್ರಮ ಹೆಚ್ಚೀತೆಂದು ಅಂಗಡಿಯಲ್ಲಿ ನಿಂತಾಗ ತೋರುತ್ತದೆ. ಮೂರನೆಯ ತೂತಿಗೆ ಭುಜವೇ ಸತ್ಯವನ್ನು ಹೇಳುತ್ತದೆ.

ದೊಡ್ಡ ಮೀನು ಸಣ್ಣ ತೂತಿನಲ್ಲಿ ಬರುವುದೇ ಎಂಬುದು ಎಂಟಂಗುಲದವರ ವಾದ. ನಾರ್ದರ್ನ್ ಪೈಕ್ ಎಂಬ ಭಾರೀ ಮೀನನ್ನೇ ಅರಸಿ ಹೋಗುವವರಿಗೆ ಅದು ಸರಿ. ಮೊದಲ ವರ್ಷದವನ ಗಾಳಕ್ಕೆ ಬೀಳುವುದು ಬಹುತೇಕ ಬ್ಲೂಗಿಲ್, ಕ್ರಾಪಿ, ಪರ್ಚ್ ಎಂಬ ಅಂಗೈಯಗಲದ ಮೀನುಗಳು. ಅವುಗಳಿಗೆ ಆರಂಗುಲ ಧಾರಾಳವಾಯಿತು. ಹತ್ತಂಗುಲದ ತೂತೆಂದರೆ ಮಗುವಿನ ಕಾಲು ಸಲೀಸಾಗಿ ಇಳಿಯುವಷ್ಟು. ಮಗನೂ ಜೊತೆಗಿರುವನೆಂಬುದನ್ನು ಅವನು ಮರೆಯಬಾರದು.

ಆದರೂ ಶ್ರಮವಾಗಲಿ ಮೀನಾಗಲಿ ನನ್ನ ಮುಖ್ಯ ಕಾರಣವಲ್ಲ. ಬೈರಿಗೆಯು ಮೊದಲು ಅಳೆಯುವ ಸಾಧನ, ಅನಂತರವೇ ಮೀನಿಗೆ ಬಾಗಿಲು ತೆರೆಯುವ ಸಾಧನ. ಹೊಸದಾಗಿ ಕಟ್ಟಿದ ಸ್ವಚ್ಛ ಮಂಜುಗಡ್ಡೆ ಕನಿಷ್ಠ 4 ಅಂಗುಲ ದಪ್ಪವಿದ್ದರೆ ಮಾತ್ರ ಅದರ ಮೇಲೆ ನಡೆಯಬಹುದೆಂದು ಮಿನ್ನೆಸೋಟದ ನೈಸರ್ಗಿಕ ಸಂಪನ್ಮೂಲ ಇಲಾಖೆ ಹೇಳುತ್ತದೆ. ನೂರಕ್ಕೆ ನೂರು ಸುರಕ್ಷಿತವಾದ ಮಂಜುಗಡ್ಡೆ ಎಂಬುದೇ ಇಲ್ಲವೆಂದೂ ಹೇಳುತ್ತದೆ. ಹಿಮ ಬೆರೆತು ಬೆಳ್ಳಗಾದ ಮಂಜುಗಡ್ಡೆಯಾದರೆ ದಪ್ಪ ಇಮ್ಮಡಿ ಇರಬೇಕು. ಒಂದೇ ಸರೋವರದಲ್ಲಿ ಒಂದೆಡೆ ಅಡಿ ದಪ್ಪವಿದ್ದರೆ, ನೀರಿನ ಸೆಲೆಯಿರುವಲ್ಲಿ ಅಥವಾ ಹೊಳೆ ಬಂದು ಸೇರುವಲ್ಲಿ ಎರಡೇ ಅಂಗುಲವಿರಬಹುದು. ಮೇಲಿನಿಂದ ನೋಡಿದರೆ ಎರಡೂ ಒಂದೇ. ಆದ್ದರಿಂದ 150 ಅಡಿಗೊಮ್ಮೆಯಾದರೂ ಕೊರೆದು ಅಳೆಯಬೇಕು. ಹಗುರವಾದ ಬೈರಿಗೆಯುಳ್ಳವನು ಹತ್ತು ಕಡೆ ಅಳೆಯುತ್ತಾನೆ. ಭಾರದ್ದನ್ನು ಹೊತ್ತು ದಣಿದವನು ಎರಡು ಕಡೆ ಅಳೆದು, ಮೂರನೆಯದಕ್ಕೆ “ಇರಲಿ ಬಿಡು” ಎನ್ನುತ್ತಾನೆ. ಆ “ಇರಲಿ ಬಿಡು” ನನಗೆ ಭಯ.

ಭಯಕ್ಕೆ ಕಾರಣವಿದೆ. 2022ರ ಡಿಸೆಂಬರ್ 26ರಂದು ಅರಿಜೋನಾದ ವುಡ್ಸ್ ಕ್ಯಾನ್ಯನ್ ಸರೋವರದಲ್ಲಿ ಮಂಜುಗಡ್ಡೆ ಒಡೆದು ಆಂಧ್ರ ಮೂಲದ ಮೂವರು ಮುಳುಗಿ ತೀರಿಕೊಂಡರು. ಅವರು ಮೀನು ಹಿಡಿಯಲು ಹೋದವರೂ ಅಲ್ಲ, ಗಟ್ಟಿಯಾಗಿ ಕಂಡ ಸರೋವರದ ಮೇಲೆ ನಡೆದವರು, ಅಷ್ಟೆ. ಬೆಂಗಳೂರಿನಲ್ಲಿ ದಾಖಲಾಗಿರುವ ಅತಿ ಕಡಿಮೆ ಉಷ್ಣತೆ 1884ರ ಜನವರಿಯ 7.8 ಡಿಗ್ರಿ. ಕೆರೆ ಹೆಪ್ಪುಗಟ್ಟುವುದನ್ನು ನಾವಾಗಲಿ ನಮ್ಮ ಅಜ್ಜಂದಿರಾಗಲಿ ಕಂಡವರಲ್ಲ. ಆ ನಾಡಿನ ಹುಡುಗರಿಗೆ ತಂದೆತಾಯಿಗಳಿಂದ ಬರುವ ಅಂಜಿಕೆ ನಮ್ಮವರಿಗೆ ಬಂದಿರುವುದಿಲ್ಲ.

ನನ್ನ ಅಳಿಯನ ಬಳಿ ಬ್ಯಾಟರಿಯಿಂದ ತಿರುಗುವ ಯಂತ್ರವಿದೆ. ಗುಂಡಿ ಒತ್ತಿದರೆ ಕ್ಷಣಾರ್ಧದಲ್ಲಿ ನೀರು. ಅನುಭವಿಗಳಿಗೆ ಅದು ಒಳ್ಳೆಯದೇ ಇರಬಹುದು. ಹೊಸಬರಿಗೆ ನಾನು ಒಪ್ಪುವುದಿಲ್ಲ. ಕೈಯಿಂದ ತಿರುಗಿಸುವಾಗ ಪುಡಿ ಬೆಳ್ಳಗೆ ಬರುತ್ತಿದೆಯೋ ತಿಳಿಯಾಗಿ ಬರುತ್ತಿದೆಯೋ ಕಣ್ಣಿಗೆ ಬೀಳುತ್ತದೆ, ಎಷ್ಟು ಸುತ್ತಿಗೆ ನೀರು ಚಿಮ್ಮಿತೆಂಬುದು ತೋಳಿಗೆ ತಿಳಿಯುತ್ತದೆ. ಯಂತ್ರವು ಈ ಪಾಠವನ್ನೆಲ್ಲ ನುಂಗಿಬಿಡುತ್ತದೆ. ಅಳಿಯನು ಇದನ್ನು ಓದಿ ನಗುತ್ತಾನೆ, ನಗಲಿ.

ಕೊಳ್ಳುವಾಗ ನೋಡಬೇಕಾದದ್ದು ಹೆಚ್ಚೇನಿಲ್ಲ. ಬದಲಿ ಅಲಗುಗಳು ಸುಲಭವಾಗಿ ದೊರೆಯುವಂಥದ್ದನ್ನೇ ಕೊಳ್ಳಬೇಕು, ಏಕೆಂದರೆ ಈ ಅಲಗುಗಳನ್ನು ಮನೆಯಲ್ಲಿ ಸಾಣೆ ಹಿಡಿದರೆ ಕೋನ ಕೆಟ್ಟು ಬೈರಿಗೆ ಕಚ್ಚುವುದೇ ಇಲ್ಲ. ಅಲಗಿಗೆ ಮುಚ್ಚಳವಿರಲಿ. ಪುಡಿಯನ್ನು ಉದುರಿಸಲೆಂದು ಬೈರಿಗೆಯನ್ನು ಮಂಜುಗಡ್ಡೆಗೆ ಕುಟ್ಟುವ ಅಭ್ಯಾಸ ಬೇಡ. ಮನೆಗೆ ಬಂದೊಡನೆ ಒರೆಸಿ ಒಣಗಿಸಬೇಕು. ಚಳಿಗಾಲದ ಕೊನೆಗೆ ಮಂಜುಗಡ್ಡೆ ಎರಡಡಿ ಮೀರಬಹುದು, ಆದುದರಿಂದ ಹಿಡಿಯನ್ನು ಉದ್ದ ಮಾಡಲು ಬರುತ್ತದೆಯೇ ಎಂದು ಕೇಳಬೇಕು. ಉಳಿದ ಹಣದಲ್ಲಿ ಒಂದು ಹಾರೆ, ತೇಲುವ ಅಂಗಿ, ಮತ್ತು ಬಿದ್ದರೆ ಮಂಜುಗಡ್ಡೆಗೆ ಚುಚ್ಚಿ ಮೇಲಕ್ಕೆ ಬರಲು ಕೊರಳಿಗೆ ತೂಗುಹಾಕುವ ಮೊಳೆಗಳ ಜೋಡಿ. ಮೊದಲ ಹೆಜ್ಜೆಗಳಲ್ಲಿ ಹಾರೆಯಿಂದ ಮುಂದೆ ಕುಟ್ಟುತ್ತ ನಡೆಯುವುದು, ನಿಂತಲ್ಲಿ ಬೈರಿಗೆಯಿಂದ ಕೊರೆದು ಪಟ್ಟಿಯಿಂದ ಅಳೆಯುವುದು.

ಅಲ್ಲಿ ಈ ಹವ್ಯಾಸವುಳ್ಳ ಬೇರೆ ಶಿಷ್ಯರೂ ಇರಬಹುದು. ಆರಂಗುಲ ಸಾಲದೆಂದು ಅನುಭವದಿಂದ ಬಲ್ಲವರು ಬರೆದು ತಿಳಿಸಿ; ತಿದ್ದಿಕೊಳ್ಳಲು ಸಿದ್ಧನಿದ್ದೇನೆ. ಆದರೆ ಮೀನಿನ ಉದ್ದದೊಡನೆ ಅಂದಿನ ಮಂಜುಗಡ್ಡೆಯ ದಪ್ಪವನ್ನೂ ಬರೆಯತಕ್ಕದ್ದು.