ಓಡುವುದಕ್ಕಿಂತ ನಿಲ್ಲುವುದು ಮುಖ್ಯ

ಹೋದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ಮನೆಯ ಮುಂದೆ ಗಾಡಿಯ ಪ್ಲಗ್ ಬಿಚ್ಚಿಕೊಂಡು ಕುಳಿತಿದ್ದೆ. ಅಪ್ಪ ಮಗ ಇಬ್ಬರೂ ಬಂದರು. ಮಗ ನನ್ನ ಹಳೆಯ ವಿದ್ಯಾರ್ಥಿ. ಎರಡನೇ ಪಿಯುಸಿ ಮುಗಿಸಿ ಕೃಷ್ಣರಾಜಪೇಟೆಯ ಕಾಲೇಜಿಗೆ ಸೇರುವವನಿದ್ದಾನೆ. ವಯಸ್ಸು ಹದಿನೇಳು ವರ್ಷ ಐದು ತಿಂಗಳು.

‘ನೀವೇ ಒಂದ್ ಮಾತು ಹೇಳಿ ಮೇಷ್ಟ್ರೇ, ನಮ್ ಮಾತು ಕೇಳಾಕಿಲ್ಲ ಇವ್ನು’ ಎಂದರು ಅಪ್ಪ.

ವಿಷಯ ಇಷ್ಟೆ. ಸಂತೆಬಾಚಹಳ್ಳಿಯಿಂದ ಪೇಟೆಗೆ ಹೋಗುವ ಬೆಳಗಿನ ಬಸ್ಸು ತಪ್ಪಿದರೆ ಮೊದಲನೇ ಪೀರಿಯಡ್ ಹೋದ ಹಾಗೆಯೇ. ಆದ್ದರಿಂದ ಹುಡುಗನಿಗೆ ಗಾಡಿ ಬೇಕು. ಎಂತಹ ಗಾಡಿ? ಮಂಡ್ಯದಲ್ಲಿ ಯಾರೋ ಮಾರುತ್ತಿರುವ ಹಳೆಯ ಆರ್‌ಎಕ್ಸ್ 100. ‘ಹೊಸದೇ ತಗೋ ಅಂದ್ರೂ ಬೇಡ ಅಂತಾನೆ’ ಎಂಬುದು ಅಪ್ಪನ ಸಂಕಟ. ಹುಡುಗನ ವಾದ ಒಂದೇ ವಾಕ್ಯದ್ದು: ‘ಸಾರ್, ನೀವು ದಿನಾ ಹಳೇ ಯೆಜ್ಡಿಯಲ್ಲೇ ಸ್ಕೂಲಿಗೆ ಬರಲ್ವಾ?’

ಅಲ್ಲಿಗೆ ಸಾಕ್ಷಿಯೂ ನಾನೇ, ಆರೋಪಿಯೂ ನಾನೇ ಆದೆ. ಕೈಯಲ್ಲಿದ್ದ ಪ್ಲಗ್ ಕೆಳಗಿಟ್ಟೆ.

ಹೌದು, ನನ್ನದು 1985ರ ಯೆಜ್ಡಿ ರೋಡ್‌ಕಿಂಗ್. ಕೆಲಸಕ್ಕೆ ಸೇರಿದ ಹೊಸದರಲ್ಲಿ, 1995ರಲ್ಲಿ, ಮೈಸೂರಿನಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡದ್ದು. ನಮ್ಮ ಸೀಮೆಯವರಿಗೆ ಈ ಗಾಡಿಯೆಂದರೆ ಊರಿನ ಮಗ ಇದ್ದಂತೆ. ಇರಾನಿ ಕುಟುಂಬದವರು 1960ರಲ್ಲಿ ಮೈಸೂರಿನಲ್ಲಿ ಐಡಿಯಲ್ ಜಾವಾ ಕಂಪನಿಯನ್ನು ಕಟ್ಟಿದರು. ಮರುವರ್ಷ ಯಾದವಗಿರಿಯ ಕಾರ್ಖಾನೆಯಿಂದ ಜಾವಾ ಬೈಕುಗಳು ಹೊರಬಂದವು. ‘ಜಾವಾ’ ಎಂಬ ಹೆಸರಿಗೂ ಜಾವಾ ದ್ವೀಪಕ್ಕೂ ಸಂಬಂಧವಿಲ್ಲ. ಜೆಕೋಸ್ಲೊವಾಕಿಯದ ಯಾನೆಚೆಕ್ ಎಂಬ ಉದ್ಯಮಿ 1929ರಲ್ಲಿ ವಾಂಡರರ್ ಎಂಬ ಕಂಪನಿಯ ಬೈಕು ವಿಭಾಗವನ್ನು ಕೊಂಡು, ಎರಡೂ ಹೆಸರುಗಳ ಮೊದಲ ಅಕ್ಷರಗಳನ್ನು ಸೇರಿಸಿದಾಗ ಅದು ಹುಟ್ಟಿತು. ಎಪ್ಪತ್ತರ ದಶಕದಲ್ಲಿ ಮೈಸೂರಿನ ಗಾಡಿಗಳಿಗೆ ಯೆಜ್ಡಿ ಎಂಬ ಹೆಸರು ಬಂತು. 1978ರಲ್ಲಿ ರೋಡ್‌ಕಿಂಗ್ ಬಂತು. ನಾನು ಗಾಡಿ ಕೊಂಡ ಮರುವರ್ಷವೇ, 1996ರಲ್ಲಿ, ಕಾರ್ಖಾನೆ ಬಾಗಿಲು ಮುಚ್ಚಿತು. ಆರ್‌ಎಕ್ಸ್ 100 ಕೂಡ 1985ರಲ್ಲಿ ಬಂದು 1996ರಲ್ಲೇ ನಿಂತದ್ದು. ಇದೀಚೆಗೆ ಜಾವಾ, ಯೆಜ್ಡಿ ಹೆಸರುಗಳು ಮತ್ತೆ ಬಂದಿವೆಯಾದರೂ ಆ ಗಾಡಿಗಳೇ ಬೇರೆ.

ಹುಡುಗರಿಗೆ ಹಳೆಯ ಗಾಡಿಗಳ ಮೇಲೆ ಇಷ್ಟು ಮೋಹ ಏಕೆ? ಶಬ್ದ ಒಂದು ಕಾರಣ. ಇನ್ನೊಂದು, ಹಿಡಿ ತಿರುಗಿಸಿದ ಕೂಡಲೇ ಮುಂದಕ್ಕೆ ಜಿಗಿಯುವ ಗುಣ. ಇದನ್ನು ಲೆಕ್ಕದಲ್ಲೇ ನೋಡೋಣ. ಆರ್‌ಎಕ್ಸ್ 100ರ ಎಂಜಿನ್ 98 ಸಿಸಿ. ಅದರ ಶಕ್ತಿ 11 ಅಶ್ವಶಕ್ತಿ, ಗಾಡಿಯ ತೂಕ ಸುಮಾರು 103 ಕೆ.ಜಿ. ಅರವತ್ತು ಕೆ.ಜಿ. ತೂಕದ ಸವಾರ ಕುಳಿತರೆ ಒಂದು ಅಶ್ವಶಕ್ತಿಯ ಪಾಲಿಗೆ ಬೀಳುವ ಹೊರೆ 15 ಕೆ.ಜಿ. ರೋಡ್‌ಕಿಂಗ್ 250 ಸಿಸಿಯದು, 16 ಅಶ್ವಶಕ್ತಿ, ಸುಮಾರು 140 ಕೆ.ಜಿ. ಸವಾರನೂ ಸೇರಿ ಒಂದು ಅಶ್ವಶಕ್ತಿಗೆ ಹನ್ನೆರಡೂವರೆ ಕೆ.ಜಿ. ಈಗ ಹಳ್ಳಿ ಹಳ್ಳಿಯಲ್ಲೂ ಕಾಣುವ ನೂರು ಸಿಸಿ ಗಾಡಿಗಳಲ್ಲಿ ಈ ಹೊರೆ 20 ಕೆ.ಜಿ.ಗಿಂತ ಹೆಚ್ಚು. ಹೊರೆ ಕಡಿಮೆಯಾದಷ್ಟೂ ಜಿಗಿತ ಹೆಚ್ಚು. ನಮ್ಮಲ್ಲಿ ಕೆಲವು ಶ್ರೀಮಂತರು ಹಳೆಯ ಸ್ಪೋರ್ಟ್ಸ್ ಕಾರನ್ನು ದಿನಬಳಕೆಗೆ ಇಟ್ಟುಕೊಳ್ಳಬಹುದೇ ಎಂದು ಚರ್ಚಿಸುತ್ತಾರಂತೆ. ಹಳ್ಳಿಯ ಹುಡುಗನ ಸ್ಪೋರ್ಟ್ಸ್ ಕಾರು ಇದೇ. ಚಕ್ರ ಎರಡಾದರೂ ನಾಲ್ಕಾದರೂ ವಿಜ್ಞಾನ ಒಂದೇ.

‘ಗಾಡಿ ಎಷ್ಟು ಜೋರಾಗಿ ಓಡುತ್ತೆ ಅಂತ ನಿನಗೆ ಗೊತ್ತು. ಎಷ್ಟು ದೂರದಲ್ಲಿ ನಿಲ್ಲುತ್ತೆ ಅಂತ ಗೊತ್ತೇನಪ್ಪ?’ ಎಂದು ಕೇಳಿದೆ. ಹುಡುಗ ಸುಮ್ಮನಾದ. ‘ಬಾ, ಅಳೆದೇ ನೋಡೋಣ’ ಎಂದೆ.

ಮಧ್ಯಾಹ್ನ ಶಾಲೆಯ ಮೈದಾನಕ್ಕೆ ಹೋದೆವು. ಸುಣ್ಣದ ಪುಡಿಯಿಂದ ಅಡ್ಡಕ್ಕೆ ಒಂದು ಗೆರೆ ಎಳೆದೆವು. ಸವಾರಿ ನನ್ನದು, ಅಳತೆಯ ಟೇಪು ಹುಡುಗನದು, ನೆರಳಲ್ಲಿ ನಿಂತು ನೋಡುವುದು ಅಪ್ಪನದು. ಗಂಟೆಗೆ 20 ಕಿ.ಮೀ. ವೇಗದಲ್ಲಿ ಬಂದು ಮುಂದಿನ ಚಕ್ರ ಗೆರೆ ಮುಟ್ಟಿದಾಗ ಎರಡೂ ಬ್ರೇಕ್ ಹಿಡಿದೆ. ಗಾಡಿ ನಿಂತದ್ದು ನಾಲ್ಕು ಮೀಟರಿಗೆ ಸ್ವಲ್ಪ ಆಚೆ. ಈಗ ವೇಗ 40. ‘ಎಷ್ಟಕ್ಕೆ ನಿಲ್ಲುತ್ತೆ ಹೇಳು’ ಎಂದೆ. ‘ಎಂಟು ಮೀಟರ್ ಸಾರ್’ ಎಂದ. ಟೇಪು ಹಿಡಿದರೆ ಹದಿನಾರೂವರೆ ಮೀಟರ್! ಹುಡುಗ ಇನ್ನೊಮ್ಮೆ ಅಳೆದ. ಅಷ್ಟೇ ಬಂತು.

ವಿದ್ಯಾರ್ಥಿಗಳೇ, ನೀವೂ ಎಂಟು ಎಂದೇ ಹೇಳುತ್ತಿದ್ದಿರೇನೋ. ಇದಕ್ಕೆ ಕಾರಣ ನಿಮ್ಮ ಪಠ್ಯಪುಸ್ತಕದಲ್ಲೇ ಇದೆ. ಚಲನಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಗಾಡಿ ಮತ್ತು ಸವಾರ ಸೇರಿ 200 ಕೆ.ಜಿ. ಎನ್ನಿ. ಗಂಟೆಗೆ 20 ಕಿ.ಮೀ. ವೇಗದಲ್ಲಿ ಅದರ ಚಲನಶಕ್ತಿ ಸುಮಾರು 3,100 ಜೂಲ್. ವೇಗ 40 ಆದರೆ 6,200 ಅಲ್ಲ, 12,300 ಜೂಲ್. ಈ ಶಕ್ತಿ ಎಲ್ಲಿಗಾದರೂ ಹೋಗಲೇಬೇಕು. ಬ್ರೇಕ್ ಶೂ ಡ್ರಮ್ಮನ್ನು ಒಳಗಿನಿಂದ ಉಜ್ಜಿ ಅದನ್ನು ಶಾಖವಾಗಿ ಮಾಡುತ್ತದೆ. ಉಜ್ಜುವ ಬಲ ಅಷ್ಟೇ ಇದ್ದು ಶಕ್ತಿ ನಾಲ್ಕರಷ್ಟಾದರೆ, ಉಜ್ಜಬೇಕಾದ ದೂರವೂ ನಾಲ್ಕರಷ್ಟು.

ಅರವತ್ತರ ವೇಗದಲ್ಲಿ ನಾನು ಪ್ರಯೋಗ ಮಾಡಲಿಲ್ಲ. ಮೈದಾನವೂ ಸಾಲದು, ಧೈರ್ಯವೂ ಸಾಲದು. ಹುಡುಗ ಕಾಗದದ ಮೇಲೆ ಲೆಕ್ಕ ಹಾಕಿದ. ವೇಗ ಮೂರರಷ್ಟು, ದೂರ ಒಂಬತ್ತರಷ್ಟು: 37 ಮೀಟರ್. ಇಷ್ಟಕ್ಕೇ ಮುಗಿಯಲಿಲ್ಲ. ಗೆರೆ ಎಲ್ಲಿದೆ ಎಂದು ನನಗೆ ಮೊದಲೇ ಗೊತ್ತಿತ್ತು. ರಸ್ತೆಯಲ್ಲಿ ಎಮ್ಮೆ ಹೇಳಿ ಕೇಳಿ ಅಡ್ಡ ಬರುವುದಿಲ್ಲ. ಕಣ್ಣು ಕಂಡು, ತಲೆ ತಿಳಿದು, ಕೈಕಾಲು ಬ್ರೇಕ್ ಹಿಡಿಯುವ ಹೊತ್ತಿಗೆ ಒಂದು ಸೆಕೆಂಡು ಹೋಗಿರುತ್ತದೆ. ಅರವತ್ತರ ವೇಗದಲ್ಲಿ ಆ ಒಂದು ಸೆಕೆಂಡಿಗೆ ಗಾಡಿ 17 ಮೀಟರ್ ಓಡಿರುತ್ತದೆ. ಒಟ್ಟು 54 ಮೀಟರ್. ಎಂಬತ್ತರ ವೇಗಕ್ಕೆ ಇದೇ ಲೆಕ್ಕ 88 ಮೀಟರಿಗೆ ಬರುತ್ತದೆ.

ಹಳೆಯ ವೇಗದ ಗಾಡಿಯ ತೊಡಕು ಇಲ್ಲಿದೆ. ಅದರ ಓಟ ಇವತ್ತಿನದಕ್ಕೆ ಸರಿಸಮ, ನಿಲುಗಡೆ ಮಾತ್ರ ಅಂದಿನದು. ರಾಜದೂತ್ 350 ಎಂಬ ಗಾಡಿ 1983ರಲ್ಲಿ ನಮ್ಮ ದೇಶಕ್ಕೆ ಬಂದಾಗ ಅದರ ಶಕ್ತಿ ಸುಮಾರು 30 ಅಶ್ವಶಕ್ತಿ. ಅದರ ಮೂಲವಾದ ಜಪಾನಿನ ಆರ್‌ಡಿ 350ಯಲ್ಲಿ ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕ್ ಇತ್ತು. ಇಲ್ಲಿ ಅದನ್ನು ತೆಗೆದು ಡ್ರಮ್ ಕೊಟ್ಟರು. ಡ್ರಮ್ಮು ಮುಚ್ಚಿದ ಡಬ್ಬಿಯಂತೆ. ಒಳಗಿನ ಶಾಖ ಬೇಗ ಹೊರಗೆ ಹೋಗದು. ಕಾದಷ್ಟೂ ಹಿಡಿತ ಸಡಿಲ. ಹಳ್ಳದ ನೀರು ಒಳಗೆ ಹೋದರಂತೂ ಸ್ವಲ್ಪ ದೂರ ಬ್ರೇಕೇ ಇಲ್ಲ ಎಂದುಕೊಳ್ಳಬೇಕು. ಜೊತೆಗೆ ಇವು ಟೂ ಸ್ಟ್ರೋಕ್ ಎಂಜಿನ್ನುಗಳು. ಹಿಡಿ ಬಿಟ್ಟಾಗ ಎಂಜಿನ್ನೇ ಗಾಡಿಯನ್ನು ತಡೆಯುವುದು ಇವುಗಳಲ್ಲಿ ಕಡಿಮೆ. ಮೇಲುಕೋಟೆ ಬೆಟ್ಟ ಇಳಿಯುವಾಗ ಭಾರವೆಲ್ಲ ಬ್ರೇಕಿನ ಮೇಲೆಯೇ. ಈಗಿನ ಹೊಸ ಗಾಡಿಗಳ ಮಾತು ಬೇರೆ. 2019ರ ಏಪ್ರಿಲ್‌ನಿಂದ 125 ಸಿಸಿಗಿಂತ ದೊಡ್ಡ ಗಾಡಿಗಳಿಗೆ ಚಕ್ರ ಕಚ್ಚಿಕೊಂಡು ಜಾರದಂತೆ ತಡೆಯುವ ಎಬಿಎಸ್, ಅದಕ್ಕಿಂತ ಚಿಕ್ಕವಕ್ಕೆ ಎರಡೂ ಬ್ರೇಕ್ ಒಟ್ಟಿಗೆ ಹಿಡಿಯುವ ಸಿಬಿಎಸ್ ಕಡ್ಡಾಯವಾಗಿದೆ.

ಇಷ್ಟು ಹೇಳಿ ಮುಗಿಸಬಹುದಿತ್ತು. ಆದರೆ ಹುಡುಗ ನನ್ನನ್ನೇ ಉದಾಹರಣೆ ಮಾಡಿಕೊಂಡು ಬಂದವನು. ಮುಚ್ಚಿಟ್ಟರೆ ತಪ್ಪಾಗುತ್ತದೆ ಎನ್ನಿಸಿ ಇನ್ನೊಂದು ವಿಷಯವನ್ನೂ ಹೇಳಿದೆ.

2004ರ ಚಳಿಗಾಲ. ಮಗಳು ಆಗ ಎರಡನೇ ಕ್ಲಾಸು. ಪೇಟೆಯಲ್ಲಿ ಅವಳಿಗೆ ಬೂಟು ಕೊಡಿಸಿಕೊಂಡು ಮುಸ್ಸಂಜೆಯಲ್ಲಿ ಬರುತ್ತಿದ್ದೆವು. ಅವಳು ಹಿಂದೆ ಕುಳಿತು ಬೂಟಿನ ಡಬ್ಬ ಹಿಡಿದಿದ್ದಳು. ನಮ್ಮ ಕಡೆ ಸುಗ್ಗಿಯಲ್ಲಿ ಹುರುಳಿ, ರಾಗಿಯನ್ನು ಟಾರು ರಸ್ತೆಯ ಮೇಲೆ ಹರಡುವುದು ನಿಮಗೆ ಗೊತ್ತೇ ಇದೆ. ಬಸ್ಸು ಲಾರಿಗಳೇ ತುಳಿದು ಒಕ್ಕಣೆ ಮಾಡಿಕೊಡುತ್ತವೆ. ನನ್ನ ಗಾಡಿಯದು ಆರು ವೋಲ್ಟಿನ ದೀಪ. ಅದರ ಬೆಳಕು ನಿಚ್ಚಳವಾಗಿ ಬೀಳುವುದು ಇಪ್ಪತ್ತೈದು ಮೀಟರಿಗೆ. ನಾನು ಬರುತ್ತಿದ್ದದ್ದು ಐವತ್ತರಲ್ಲಿ. ಹುರುಳಿ ಸೊಪ್ಪಿನ ರಾಶಿ ಕಂಡಾಗ ಬ್ರೇಕ್ ಒತ್ತಿದೆ. ಹಿಂದಿನ ಚಕ್ರ ಕಚ್ಚಿಕೊಂಡು ಸೊಪ್ಪಿನ ಮೇಲೆ ಜಾರಿತು. ನನಗೆ ಮೊಣಕೈ ತರಚಿತು, ಅಷ್ಟೆ. ಮಗಳ ಗಲ್ಲಕ್ಕೆ ನಾಲ್ಕು ಹೊಲಿಗೆ ಬಿತ್ತು. ಆ ಗುರುತು ಈಗಲೂ ಇದೆ.

ಊರವರು ಹುರುಳಿ ಹರಡಿದವನನ್ನು ಬೈದರು. ನಾನೂ ಒಂದಷ್ಟು ದಿನ ಬೈದೆ. ಗಾಡಿಯಲ್ಲಿ ದೋಷವಿರಲಿಲ್ಲ. ದೋಷ ನನ್ನದು. ಇಪ್ಪತ್ತೈದು ಮೀಟರ್ ಕಾಣುವ ಬೆಳಕಿನಲ್ಲಿ, ನಿಲ್ಲಲು ನಲವತ್ತು ಮೀಟರ್ ಬೇಕಾದ ವೇಗದಲ್ಲಿ ಮಗುವನ್ನು ಕೂರಿಸಿಕೊಂಡು ಬಂದವನು ವಿಜ್ಞಾನದ ಮೇಷ್ಟ್ರು! ಆ ವಾರವೇ ತರಗತಿಯಲ್ಲಿ ಚಲನಶಕ್ತಿಯ ಪಾಠ ಮಾಡಿದ್ದೆ. ಕಪ್ಪು ಹಲಗೆಯ ಮೇಲೆ ಬರೆದದ್ದು ರಸ್ತೆಗೆ ಇಳಿದಿರಲಿಲ್ಲ.

ಅಂದಿನಿಂದ ನನಗೆ ಒಂದೇ ನಿಯಮ: ಕಾಣುವಷ್ಟು ದೂರದ ಒಳಗೆ ನಿಲ್ಲುವಂತಿರಬೇಕು. ಹಗಲಲ್ಲಿ ನಲವತ್ತೈದು ದಾಟುವುದಿಲ್ಲ. ಕತ್ತಲಾದ ಮೇಲೆ ಗಾಡಿ ತೆಗೆಯುವುದಿಲ್ಲ. ಕಬ್ಬು ಅರೆಯುವ ಕಾಲದಲ್ಲಿ ಹಿಂದೆ ದೀಪವಿಲ್ಲದ ಟ್ರ್ಯಾಕ್ಟರುಗಳು ಓಡಾಡುವ ನಮ್ಮ ರಸ್ತೆಗಳಲ್ಲಿ ಇದು ಹೆಚ್ಚಿನ ಎಚ್ಚರವೇನಲ್ಲ.

ಹಾಗಾದರೆ ಹಳೆಯ ಗಾಡಿ ದಿನಬಳಕೆಗೆ ಆಗುವುದೇ ಇಲ್ಲವೆ? ಆಗುತ್ತದೆ. ಆದರೆ ದಿನವೂ ಅದಕ್ಕೆ ಕೊಡಬೇಕಾದದ್ದು ಇದೆ. ಪೆಟ್ರೋಲು ಹಾಕಿಸಿದಾಗಲೆಲ್ಲ ನಾನು ಲೀಟರಿಗೆ 40 ಮಿ.ಲೀ. ಆಯಿಲ್ ಬೆರೆಸುತ್ತೇನೆ. ಮರೆತರೆ ಪಿಸ್ಟನ್ನು ಕಚ್ಚಿಕೊಳ್ಳುತ್ತದೆ. ಬ್ರೇಕ್ ಕೇಬಲ್ಲಿಗೆ ತಿಂಗಳಿಗೊಮ್ಮೆ ಎಣ್ಣೆ, ಮಳೆಗಾಲಕ್ಕೆ ಮುಂಚೆ ಬ್ರೇಕ್ ಶೂ ಬಿಚ್ಚಿ ನೋಡುವುದು, ಸವೆಯದಿದ್ದರೂ ವಯಸ್ಸಾದ ಟೈರು ಬದಲಿಸುವುದು. ಟೈರಿನ ರಬ್ಬರು ಕಾಲ ಕಳೆದಂತೆ ಗಡುಸಾಗಿ ಹಿಡಿತ ಕಳೆದುಕೊಳ್ಳುತ್ತದೆ. ಮೈಲೇಜು ಹೊಸ ಗಾಡಿಯ ಅರ್ಧದಷ್ಟು. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಪೆಟ್ರೋಲಿನ ಒಂದಂಶ ಉರಿಯದೆಯೇ ಹೊಗೆಯೊಡನೆ ಹೊರಗೆ ಹೋಗುತ್ತದೆ. ಅದನ್ನು ಕುಡಿಯುವವರು ನಮ್ಮ ಹಿಂದೆ ಬರುವವರು. ನಾನು ಶಾಲೆಗೆ ಮಾತ್ರ ಈ ಗಾಡಿ ಇಟ್ಟುಕೊಂಡಿರುವುದಕ್ಕೆ ಅದೂ ಒಂದು ಕಾರಣ.

ಕಾನೂನಿನ ಮಾತು ಪೋಷಕರಿಗೆ. ಹದಿನೈದು ವರ್ಷ ಕಳೆದ ಗಾಡಿಯ ಆರ್.ಸಿ.ಯನ್ನು ಆರ್‌ಟಿಓದಲ್ಲಿ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಕೊಳ್ಳುವ ಮುನ್ನ ಅದನ್ನು ನೋಡಿ. ಐವತ್ತು ವರ್ಷ ದಾಟಿದ ಗಾಡಿಗೆ ಕೇಂದ್ರ ಸರ್ಕಾರದ 2021ರ ನಿಯಮದಂತೆ ವಿಂಟೇಜ್ ನೋಂದಣಿ ಮಾಡಿಸಿದರೆ ಅದನ್ನು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಎಲ್ಲಕ್ಕಿಂತ ಮುಖ್ಯವಾದದ್ದು ವಯಸ್ಸು. ಗೇರಿನ ಗಾಡಿಗೆ ಹದಿನೆಂಟು ತುಂಬಿರಲೇಬೇಕು. 2019ರ ತಿದ್ದುಪಡಿಯಂತೆ ಅಪ್ರಾಪ್ತ ವಯಸ್ಸಿನವರು ಓಡಿಸಿ ಅಪರಾಧವಾದರೆ ಪೋಷಕರಿಗೆ ಅಥವಾ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಗಾಡಿಯ ನೋಂದಣಿ ಹನ್ನೆರಡು ತಿಂಗಳು ರದ್ದು. ಓಡಿಸಿದವರಿಗೆ ಇಪ್ಪತ್ತೈದು ವರ್ಷ ತುಂಬುವವರೆಗೆ ಲೈಸೆನ್ಸ್ ಸಿಗದು. ‘ಇಲ್ಲೇ ಹತ್ರದಲ್ಲಿ ತಾನೇ’ ಎಂದು ಬೀಗದ ಕೈ ಕೊಡುವ ಅಪ್ಪಂದಿರು ಇದನ್ನು ಎರಡು ಸಲ ಓದಬೇಕು.

ಹುಡುಗ ಆರ್‌ಎಕ್ಸ್ 100 ಬೇಡ ಎಂದನೇ? ಇಲ್ಲ. ಈಗಲೂ ಬೇಕು ಎನ್ನುತ್ತಾನೆ. ಹದಿನೆಂಟಾಗಲು ಇನ್ನೂ ಏಳು ತಿಂಗಳಿತ್ತು. ಅಲ್ಲಿಯವರೆಗೆ ಬಸ್ಸು ಎಂದು ಅಪ್ಪ ಮಗ ಒಪ್ಪಿಕೊಂಡರು. ಭಾನುವಾರಗಳಲ್ಲಿ ನನ್ನ ಮನೆಗೆ ಬಂದು ಗಾಡಿ ಬಿಚ್ಚಿ ಜೋಡಿಸಲು ಕಲಿಯುವುದೆಂದೂ ಆಯಿತು. ಮೊದಲ ಪಾಠ ಕಾರ್ಬೊರೇಟರ್ ಇರಲಿ ಎಂದ. ಬ್ರೇಕ್ ಶೂ ಎಂದೆ. ಮುಖ ಸಣ್ಣದಾಯಿತು. ಆದರೂ ಬಂದ. ಹಿಂದಿನ ಚಕ್ರದ ಡ್ರಮ್ ತೆಗೆದಾಗ ಒಳಗೆ ಕಪ್ಪು ಪುಡಿ ಕೂತಿತ್ತು. ‘ಇದೇನು ಸಾರ್?’ ಎಂದು ಕೇಳಿದ. ‘ಬ್ರೇಕ್ ಶೂ ಸವೆದ ಪುಡಿ. ನಾನು ಇದುವರೆಗೆ ನಿಂತದ್ದರ ಲೆಕ್ಕ’ ಎಂದೆ.

ಮನೆಯಲ್ಲಿ ಮಾಡಿ ನೋಡಲು ಒಂದು ಪ್ರಯೋಗ. ಬೈಕು ಬೇಡ, ಸೈಕಲ್ ಸಾಕು. ವಾಹನ ಬಾರದ ಬಯಲಿನಲ್ಲಿ ಒಂದು ಗೆರೆ ಎಳೆಯಿರಿ. ಅದರ ಹಿಂದೆ ಹತ್ತು ಮೀಟರ್ ಗುರುತು ಮಾಡಿ, ಅಷ್ಟು ದೂರವನ್ನು ಒಂದೇ ವೇಗದಲ್ಲಿ ತುಳಿದು ಬಂದು ಗೆರೆಯಲ್ಲಿ ಬ್ರೇಕ್ ಹಿಡಿಯಿರಿ. ಹತ್ತು ಮೀಟರ್ ಕ್ರಮಿಸಲು ಎಷ್ಟು ಸೆಕೆಂಡು ಎಂದು ಗೆಳೆಯ ನೋಡಲಿ. ಮೊದಲು ನಾಲ್ಕು ಸೆಕೆಂಡಿನಲ್ಲಿ, ಆಮೇಲೆ ಎರಡು ಸೆಕೆಂಡಿನಲ್ಲಿ ಬನ್ನಿ. ಎರಡು ಸಲವೂ ನಿಂತ ದೂರ ಅಳೆಯಿರಿ. ಪುಸ್ತಕದಲ್ಲಿ ಬರೆದಿಟ್ಟು ಅಪ್ಪ ಅಮ್ಮನಿಗೂ ತೋರಿಸಿ. ಮುಂದೊಂದು ದಿನ ಗಾಡಿ ಬೇಕು ಎಂದು ಅವರ ಮುಂದೆ ನಿಲ್ಲುವಾಗ ಆ ಪುಟ ನಿಮ್ಮ ಕೈಯಲ್ಲಿರಲಿ.