ಹಿತ್ತಲ ಶೆಡ್ಡಿಗೆ ಭದ್ರವಾದ ತಳ

ಒಕ್ಕಲುತನದ ಮನೆತನಗಳಿಗೆ ಹಿತ್ತಲಿನಲ್ಲಿ ಒಂದು ತಗಡಿನ ಶೆಡ್ಡು ಈಗ ಅವಶ್ಯವೆನಿಸಿದೆ. ಬಿತ್ತನೆಯ ಬೀಜ, ಗೊಬ್ಬರದ ಚೀಲ, ಕೂರಿಗೆ, ಕುಂಟೆ, ಪಂಪ್‌ಸೆಟ್ಟಿನ ಬಿಡಿಭಾಗಗಳು ಸುರಕ್ಷಿತವಾಗಿರಬೇಕಾದರೆ ಮೇಲೆ ತಗಡಿದ್ದರೆ ಸಾಲದು, ಕೆಳಗೆ ಗಟ್ಟಿಯಾದ ನೆಲವೂ ಬೇಕು. ಅದಕ್ಕೆಂದೇ ಕಾಂಕ್ರೀಟು ಹಾಕಿಸುವವರು ಅನೇಕರು. ಆದರೆ ಧಾರವಾಡ, ಗದಗ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಎರೆಭೂಮಿಯಲ್ಲಿ ಇಂತಹ ನೆಲ ಕೆಲವೇ ಮಳೆಗಾಲಗಳಲ್ಲಿ ಬಿರಿದು, ಒಂದು ಮಗ್ಗುಲು ಮೇಲೆದ್ದು, ಬಾಗಿಲು ಹಾಕಲು ಬಾರದಂತಾಗುವುದುಂಟು. ಬಿರುಕಿನಿಂದ ಏರಿದ ತೇವ ಬೀಜಕ್ಕೆ ತಗುಲಿದರೆ ಮುಂದಿನ ಬಿತ್ತನೆಯೇ ಕೆಡುತ್ತದೆ. ಆಗ ಸಿಮೆಂಟನ್ನೋ ಗೌಂಡಿಯನ್ನೋ ದೂರುವುದು ರೂಢಿ. ಆದರೆ ದೋಷವು ಬಹಳ ಸಲ ಕಾಂಕ್ರೀಟಿನ ಕೆಳಗಿನ ಮಣ್ಣಿನಲ್ಲಿರುತ್ತದೆ.

ಎರೆಮಣ್ಣಿನ ಸ್ವಭಾವವನ್ನು ನಾವೆಲ್ಲ ಬಲ್ಲೆವು. ಮಳೆಗಾಲದಲ್ಲಿ ಅದು ನೀರು ಕುಡಿದು ಉಬ್ಬುತ್ತದೆ. ಬೇಸಿಗೆಯಲ್ಲಿ ಕುಗ್ಗಿ, ಕೈ ತೂರುವಷ್ಟು ಬಾಯಿ ಬಿಡುತ್ತದೆ. ಆ ಮಣ್ಣಿನಲ್ಲಿರುವ ಒಂದು ಬಗೆಯ ಜೇಡಿಯ ಸೂಕ್ಷ್ಮ ಪದರುಗಳ ನಡುವೆ ನೀರು ಸೇರುವುದೇ ಇದಕ್ಕೆ ಕಾರಣ. ಹೊಲದಲ್ಲಿ ಬಿಳಿಜೋಳಕ್ಕೂ ಕಡಲೆಗೂ ತೇವ ಕಾಯ್ದಿಡುವ ಇದೇ ಗುಣ ಕಟ್ಟಡಕ್ಕೆ ಶತ್ರುವಾಗುತ್ತದೆ.

ಎರೆಯನ್ನು ಅಗೆದು ತೆಗೆದ ಜಾಗಕ್ಕೆ ಕೆಲವರು ಉಸುಕು ತುಂಬಿಸುತ್ತಾರೆ. ಇದು ಸರಿಯಲ್ಲ. ಉಸುಕಿನೊಳಗೆ ಇಳಿದ ನೀರು ಅಲ್ಲಿಯೇ ನಿಂತು ಕೆಳಗಿನ ಎರೆಯನ್ನು ಇನ್ನಷ್ಟು ಉಬ್ಬಿಸುತ್ತದೆ. ಮುಂಬಯಿಯ ಐ.ಐ.ಟಿ.ಯಲ್ಲಿ ಪ್ರಾಧ್ಯಾಪಕರಾಗಿದ್ದ ಆರ್. ಕೆ. ಕಟ್ಟಿಯವರು ಎರೆಮಣ್ಣಿನ ಮೇಲೆ ದೀರ್ಘ ಸಂಶೋಧನೆ ನಡೆಸಿ, ಅಂಟುಗುಣವಿದ್ದರೂ ಉಬ್ಬದಂತಹ ಮಣ್ಣಿನ ಪದರವನ್ನು ಎರೆಯ ಮೇಲೆ ಹಾಸಿದರೆ ಉಬ್ಬುವಿಕೆ ಹತೋಟಿಗೆ ಬರುತ್ತದೆಂದು ತೋರಿಸಿಕೊಟ್ಟರು. ನಮ್ಮ ಕಡೆ ದೊರೆಯುವ, ತುಸು ಜಿಗುಟಿರುವ ಒಳ್ಳೆಯ ಗರಸು ಈ ಕೆಲಸಕ್ಕೆ ಒದಗುತ್ತದೆ.

ಶೆಡ್ಡು 10 ಅಡಿ ಅಗಲ, 12 ಅಡಿ ಉದ್ದದ್ದೆಂದು ಭಾವಿಸೋಣ. ನಾಲ್ಕೂ ಕಡೆಗೆ ಒಂದೊಂದು ಅಡಿ ಹೆಚ್ಚು ಬಿಟ್ಟು, ಎರಡು ಅಡಿ ಆಳಕ್ಕೆ ಅಗೆಯಿಸಬೇಕು. ಎರೆ ಬಹಳ ಆಳವಾಗಿದ್ದರೆ ಮೂರು ಅಡಿ ಲೇಸು. ಗರಸನ್ನು ಒಮ್ಮೆಗೇ ಸುರಿಯದೆ, ಆರಾರು ಅಂಗುಲದ ಪದರಾಗಿ ಹರಡಿ, ಹದವಾಗಿ ನೀರು ಚಿಮುಕಿಸಿ, ಪ್ರತಿ ಪದರವನ್ನೂ ದಿಮ್ಮಸಿನಿಂದ ಚೆನ್ನಾಗಿ ಬಡಿಸಬೇಕು. ಸುತ್ತಲಿನ ಅಂಗಳಕ್ಕಿಂತ ಅರ್ಧ ಅಡಿಯಾದರೂ ಎತ್ತರವಾಗುವಂತೆ ತುಂಬಿಸಿದರೆ ಮಳೆಯ ನೀರು ಒಳನುಗ್ಗದು. ಇಲ್ಲಿ ಹೇಳಿದ್ದು ಹಗುರಾದ ತಗಡಿನ ಶೆಡ್ಡಿನ ಮಾತು. ಇಟ್ಟಿಗೆಯ ಗೋಡೆ ಏಳುವುದಾದರೆ ಎಂಜಿನಿಯರರ ಸಲಹೆ ಪಡೆಯುವುದು ಅವಶ್ಯ.

ಗರಸಿನ ಮೇಲೆ ದಪ್ಪನೆಯ ಪಾಲಿಥೀನ್ ಹಾಳೆಯನ್ನು ಹಾಸಿದರೆ ನೆಲದ ತೇವ ಮೇಲೇರುವುದು ತಪ್ಪುತ್ತದೆ. ಸುತ್ತ ಹಲಗೆ ಕಟ್ಟಿ ರಸಮಟ್ಟದಿಂದ ಮಟ್ಟ ನೋಡಿ, ಬಾಗಿಲಿನ ಕಡೆಗೆ ಒಂದು ಅಂಗುಲ ಇಳಿಜಾರು ಕೊಡಿಸಿರಿ. 8 ಮಿ.ಮೀ. ಕಂಬಿಗಳನ್ನು ಎರಡೂ ಕಡೆಗೆ 8 ಅಂಗುಲಕ್ಕೊಂದರಂತೆ ಹೆಣೆಯಿಸಿ, ಎರಡೂವರೆ ಅಂಗುಲ ಎತ್ತರದ ಸಿಮೆಂಟಿನ ಬಿಲ್ಲೆಗಳ ಮೇಲೆ ನಿಲ್ಲಿಸಬೇಕು. ನೆಲಕ್ಕೆ ತಾಗಿ ಮಲಗಿದ ಕಂಬಿಯಿಂದ ಪ್ರಯೋಜನವಿಲ್ಲ.

ಕಾಂಕ್ರೀಟು 5 ಅಂಗುಲ ದಪ್ಪವಿರಲಿ. ಒಂದು ಪಾಲು ಸಿಮೆಂಟಿಗೆ ಒಂದೂವರೆ ಪಾಲು ಉಸುಕು, ಮೂರು ಪಾಲು ಖಡಿ ಸರಿಯಾದ ಪ್ರಮಾಣ. ಈ ಅಳತೆಯ ನೆಲಕ್ಕೆ ಸುಮಾರು 12 ಚೀಲ ಸಿಮೆಂಟು, 21 ಘನ ಅಡಿ ಉಸುಕು, 42 ಘನ ಅಡಿ ಖಡಿ ಬೇಕಾಗುತ್ತವೆ. ನೀರು ಮಾತ್ರ ಚೀಲವೊಂದಕ್ಕೆ 30 ಲೀಟರನ್ನು ಮೀರಬಾರದು. ಉಸುಕು ಹಸಿಯಿದ್ದರೆ ಅದಕ್ಕೂ ಕಡಿಮೆ. ಕಲಸಲು ಸುಲಭವೆಂದು ಕೊಡಗಟ್ಟಲೆ ನೀರು ಸುರಿದಷ್ಟೂ ಕಾಂಕ್ರೀಟಿನ ಬಲ ಕುಂದುತ್ತದೆ. ಕಂಬ ನಿಲ್ಲಿಸುವ ಬೋಲ್ಟುಗಳನ್ನು ಕಾಂಕ್ರೀಟು ಹಸಿಯಿರುವಾಗಲೇ ಕೂಡಿಸಬೇಕು. ಇಡೀ ನೆಲವನ್ನು ಒಂದೇ ದಿನದಲ್ಲಿ ಮುಗಿಸುವುದು ಒಳ್ಳೆಯದು.

ಸುರಿಯುವಾಗ ಜಿಪುಣತನ ಮಾಡಬೇಕಾದ ಈ ನೀರನ್ನೇ ಕಾಂಕ್ರೀಟು ಗಟ್ಟಿಯಾದ ಮೇಲೆ ಧಾರಾಳವಾಗಿ ಕೊಡಬೇಕು. ಭಾರತೀಯ ಮಾನಕ ಸಂಸ್ಥೆಯ 2000ನೆಯ ಇಸವಿಯ ಸಂಹಿತೆಯು ಸಾದಾ ಸಿಮೆಂಟಿಗೆ ಕನಿಷ್ಠ 7 ದಿನ, ಒಣ ಬಿಸಿಲಿನ ಹವೆಯಲ್ಲಿ ಕನಿಷ್ಠ 10 ದಿನ ನೆಲವನ್ನು ಹಸಿಯಾಗಿಡಬೇಕೆಂದು ವಿಧಿಸಿದೆ. ಹಾರುಬೂದಿ ಬೆರೆತ ಸಿಮೆಂಟಾದರೆ 14 ದಿನಗಳವರೆಗೆ ಮುಂದುವರಿಸುವುದು ಲೇಸು. ಗೋಣಿತಟ್ಟು ಹೊದಿಸಿ, ಅದು ಒಣಗದಂತೆ ನೋಡಿಕೊಳ್ಳುವ ಕೆಲಸವನ್ನು ಮನೆಯ ಮಕ್ಕಳಿಗೂ ವಹಿಸಬಹುದು. ಗೌಂಡಿಯು ಕೂಲಿ ಪಡೆದು ಹೋದ ನಂತರದ ಈ ಕೆಲಸ ಮನೆಯವರದೇ ಹೊಣೆ.

ಇನ್ನೆರಡು ಮಾತುಗಳಿವೆ. ಹಸಿ ಸಿಮೆಂಟು ಚರ್ಮವನ್ನು ಸುಡುತ್ತದೆ. ಕೆಲಸಕ್ಕೆ ಬಂದವರಿಗೆ ರಬ್ಬರಿನ ಕೈಗವಸು, ಬೂಟು ಒದಗಿಸುವುದು, ಕೈಕಾಲು ತೊಳೆಯಲು ಶುದ್ಧ ನೀರಿಡುವುದು ಕೆಲಸ ಮಾಡಿಸುವವನ ಕರ್ತವ್ಯ. ಹಾಗೆಯೇ ತಗಡಿನಿಂದ ಇಳಿಯುವ ಮಳೆನೀರಿಗೆ ದೋಣಿ ಕಟ್ಟಿಸಿ, ಅದನ್ನು ತಳದಿಂದ ದೂರ ಸಾಗಿಸಬೇಕು. ಆ ನೀರು ನೆರೆಮನೆಯ ಗೋಡೆಯ ಬುಡಕ್ಕೆ ಹೋಗಕೂಡದು. ನಮ್ಮ ನೆಲವನ್ನು ಬಿರಿಯಿಸುವ ಎರೆ ಅವರ ಗೋಡೆಯನ್ನೂ ಬಿರಿಯಿಸುತ್ತದೆ.

ಸಿಮೆಂಟಿಗೂ ಕಂಬಿಗೂ ಹೇಗಿದ್ದರೂ ಹಣ ಖರ್ಚಾಗುತ್ತದೆ. ಅದರೊಡನೆ ಗರಸು ಬಡಿಯುವ ಎರಡು ದಿನದ ಶ್ರಮವನ್ನೂ, ನೀರುಣಿಸುವ ಎರಡು ವಾರದ ತಾಳ್ಮೆಯನ್ನೂ ಸೇರಿಸಿರಿ. ಬರುವ ಮಳೆಗಾಲದಲ್ಲಿ ಎರೆ ಉಬ್ಬಿದರೂ ನಿಮ್ಮ ಶೆಡ್ಡಿನ ಬಾಗಿಲು ಸರಾಗವಾಗಿ ಮುಚ್ಚೀತು, ಒಳಗಿನ ಬೀಜ ಬೆಚ್ಚಗೆ ಉಳಿದೀತು.