ತರಗತಿಗಾಗಿ ತೆಗೆದ ಚಿತ್ರ

ಮಕ್ಕಳಿಗೆ ವಿದ್ಯಾಶಾಲೆಯಲ್ಲಿ ಕೊಡುವ ಅಭ್ಯಾಸಗಳು ಮನೆಯವರ ಕಣ್ಣಿಗೆ ಬೀಳುವುದು ಅಪರೂಪ. ಲೆಕ್ಕವು ಪುಸ್ತಕದಲ್ಲಿಯೇ ಅಡಗಿರುವುದು. ಪ್ರಬಂಧವು ಉಪಾಧ್ಯಾಯರ ಮೇಜನ್ನು ಸೇರುವುದು. ಆದರೆ ಈಚಿನ ವರ್ಷಗಳಲ್ಲಿ ಒಂದು ಬಗೆಯ ಅಭ್ಯಾಸವು ಮನೆಯ ಒಳಕ್ಕೇ ಬಂದು ಕುಳಿತಿದೆ. ಅದು ಬಂದ ದಿನ ಫ್ಯಾನನ್ನು ನಿಲ್ಲಿಸಬೇಕು, ಕುಕ್ಕರು ಕೂಗಬಾರದು, ಅಡುಗೆಮನೆಯಲ್ಲಿರುವವರು ಕಿಟಕಿಯ ಬೆಳಕಿಗೆ ಮುಖವೊಡ್ಡಿ ನಿಲ್ಲಬೇಕು, ಒಮ್ಮೆ ಆಡಿದ ಮಾತನ್ನು ಮತ್ತೊಮ್ಮೆ ಆಡಬೇಕು. ತರಗತಿಗಾಗಿ ಕಿರುಚಿತ್ರವನ್ನು ತೆಗೆಯುವುದೇ ಆ ಅಭ್ಯಾಸ. ಪತ್ರಿಕೋದ್ಯಮ, ಸಮೂಹ ಸಂವಹನ, ದೃಶ್ಯಕಲೆ ಮೊದಲಾದ ವಿಷಯಗಳನ್ನು ಓದುವ ಮಕ್ಕಳಿರುವ ಮನೆಗಳಲ್ಲಿ ಇದರ ಅನುಭವವಿಲ್ಲದವರು ವಿರಳ. ‘ಇದೂ ಒಂದು ಓದೇ?’ ಎಂದು ಹಿರಿಯರು ಕೇಳುವುದುಂಟು. ಈ ತಿಂಗಳು ಆ ಪ್ರಶ್ನೆಯನ್ನೇ ನಾವು ಎತ್ತಿಕೊಂಡಿದ್ದೇವೆ.

ನಮಗೆ ಪರಿಚಿತವಾದ ಮೈಸೂರಿನ ಒಂದು ಕುಟುಂಬದ ಹುಡುಗಿಗೆ ಕಳೆದ ಬೇಸಗೆಯಲ್ಲಿ ಇಂತಹ ಅಭ್ಯಾಸವು ಬಂದಿತು. ಚಿತ್ರವು 5 ನಿಮಿಷವಿರಬೇಕು. ತನ್ನ ಮೊಬೈಲಿನಲ್ಲಿಯೇ ತೆಗೆಯಬೇಕು. ಬೇರೆಡೆಯಿಂದ ಸಂಗೀತವನ್ನು ತಂದು ಸೇರಿಸಕೂಡದು. ಕೊನೆಯಲ್ಲಿ ಈ ಕೆಲಸದಿಂದ ತಾನು ಕಲಿತದ್ದೇನೆಂಬುದನ್ನು ಕುರಿತು ಒಂದು ಟಿಪ್ಪಣಿಯನ್ನು ಬರೆದೊಪ್ಪಿಸಬೇಕು. ಹುಡುಗಿಯು ತನ್ನ ಅಜ್ಜಿ ತಾರಸಿಯ ಮೇಲೆ ಅಕ್ಕಿಯ ಸಂಡಿಗೆ ಇಡುವುದನ್ನು ವಸ್ತುವಾಗಿ ಆರಿಸಿಕೊಂಡಳು. ಆ ಟಿಪ್ಪಣಿಯನ್ನು ನಮಗೆ ಓದಲು ಕೊಟ್ಟಳು. ಅದನ್ನು ಕುರಿತು ಬರೆಯಲು ಅವಳ ಒಪ್ಪಿಗೆಯನ್ನೂ ಅಜ್ಜಿಯವರ ಒಪ್ಪಿಗೆಯನ್ನೂ ಪಡೆದೇ ನಾವು ಬರೆಯುತ್ತಿದ್ದೇವೆ.

ಸಂಡಿಗೆಯ ಕೆಲಸವು ನಮ್ಮ ವಾಚಕಿಯರಿಗೆ ಹೊಸದಲ್ಲ. ನೆನೆದ ಅಕ್ಕಿಯನ್ನು ನುಣ್ಣಗೆ ರುಬ್ಬಿ, ಉಪ್ಪು, ಹಸಿಮೆಣಸಿನಕಾಯಿ, ಜೀರಿಗೆ, ಇಂಗು ಬೆರೆತ ಕುದಿನೀರಿಗೆ ಹೊಯ್ದು, ಗಂಟಾಗದಂತೆ ತಿರುವಿ ಬೇಯಿಸಿ, ಒದ್ದೆಯ ಕೈಗೆ ಅಂಟದ ಹದ ಬಂದೊಡನೆ ತಾರಸಿಗೆ ಒಯ್ದು ಒದ್ದೆಯ ಪಂಚೆಯ ಮೇಲೆ ಇಡಬೇಕು. ಹಿಟ್ಟು ಆರಿತೆಂದರೆ ಕೆಲಸ ಕೆಟ್ಟಿತು. ಹುಡುಗಿಗೆ ಮೊದಲನೆಯ ತೊಡಕು ಒದಗಿದ್ದು ಇಲ್ಲಿಯೇ. “ಅಜ್ಜಿ, ಇನ್ನೊಂದು ಸಲ ಹಾಗೇ ಇಡಿ, ಸರಿಯಾಗಿ ಬರಲಿಲ್ಲ” ಎಂದಳು. “ನಿನ್ನ ಫೋನು ಕಾಯುತ್ತೆ, ಹಿಟ್ಟು ಕಾಯಲ್ಲ ಕಣೇ” ಎಂದು ಅಜ್ಜಿ ಮುಂದಿನ ಸಾಲಿಗೆ ಹೋದರು.

ಎರಡನೆಯ ತೊಡಕನ್ನು ಸೂರ್ಯನು ತಂದೊಡ್ಡಿದನು. ಬೆಳಗ್ಗೆ 7 ಗಂಟೆಗೆ ತೆಗೆದ ತುಣುಕನ್ನೂ 10 ಗಂಟೆಗೆ ತೆಗೆದ ತುಣುಕನ್ನೂ ರಾತ್ರಿ ಜೋಡಿಸಿ ನೋಡಿದಾಗ, ಅಜ್ಜಿಯ ಕೈ ಪಾತ್ರೆಯಿಂದ ಹಿಟ್ಟನ್ನು ತೆಗೆಯುವಾಗ ನೆರಳು ಉದ್ದವಾಗಿಯೂ, ಅದೇ ಕೈ ಹಿಟ್ಟನ್ನು ಬಟ್ಟೆಯ ಮೇಲಿಡುವಾಗ ನೆರಳು ಗಿಡ್ಡವಾಗಿಯೂ ಕಂಡಿತು. ಒಂದು ಕ್ಷಣದ ಕೆಲಸವು ಮೂರು ಗಂಟೆ ಹಿಡಿದಂತಾಯಿತು. ಶಬ್ದದ ಗತಿಯೂ ಹಾಗೆಯೇ. ತಾರಸಿಯ ಗಾಳಿಯು ಮೊಬೈಲಿನ ಕಿವಿಗೆ ಬಡಿದು ಅಜ್ಜಿಯ ಮಾತನ್ನೆಲ್ಲ ನುಂಗಿತ್ತು. ಆದುದರಿಂದ ಒಂದು ವಾರ ಕಳೆದು ಎರಡನೆಯ ಸಲ ಹಿಟ್ಟನ್ನು ಬೇಯಿಸಬೇಕಾಯಿತು. ಈ ಸಲ ಅವಳು 8ರಿಂದ 9 ಗಂಟೆಯೊಳಗಿನ ಬಿಸಿಲನ್ನಷ್ಟೇ ಬಳಸಿಕೊಂಡಳು. ಇನ್ನೊಂದು ಮೊಬೈಲನ್ನು ತೆಳ್ಳನೆಯ ಬಟ್ಟೆಯಲ್ಲಿ ಸುತ್ತಿ ಅಜ್ಜಿಯ ಪಕ್ಕದ ಬುಟ್ಟಿಯಲ್ಲಿಟ್ಟು, ಮೊದಲಿಗೆ ಒಮ್ಮೆ ಚಪ್ಪಾಳೆ ತಟ್ಟಿದಳು. ಚಪ್ಪಾಳೆಯ ಶಬ್ದವನ್ನೂ ಕೈಗಳು ಕೂಡುವ ಚಿತ್ರವನ್ನೂ ಸರಿಹೊಂದಿಸಿದರೆ ಉಳಿದ ಮಾತೆಲ್ಲ ತಾನಾಗಿ ಸರಿಹೊಂದುವುದು. ಆ ವರ್ಷ ಆ ಮನೆಯಲ್ಲಿ ಸಂಡಿಗೆ ಮಿಗಿಲಾಗಿ, ಅರ್ಧವು ಸೋದರತ್ತೆಯ ಮನೆಗೆ ಹೋಯಿತು.

ಈ ತೊಡಕುಗಳನ್ನು ಕೇಳಿ ನಗುವವರು, ಚಲಚ್ಚಿತ್ರದ ಇತಿಹಾಸವೇ ಇಂತಹ ತೊಡಕುಗಳಿಂದ ಬೆಳೆದು ಬಂದುದೆಂಬುದನ್ನು ನೆನೆಯಬೇಕು. ದಾದಾಸಾಹೇಬ ಫಾಲ್ಕೆಯವರು 1912ರಲ್ಲಿ ಲಂಡನ್ನಿನಿಂದ ಕ್ಯಾಮೆರಾ ತರಿಸಿ ಮೊದಲು ತೆಗೆದುದು ದೇವತೆಗಳ ಕಥೆಯನ್ನಲ್ಲ; ಕುಂಡದಲ್ಲಿ ಬಿತ್ತಿದ ಬಟಾಣಿಯ ಕಾಳು ಮೊಳೆತು ಗಿಡವಾಗುವುದನ್ನು. ಒಂದು ತಿಂಗಳಿಗೂ ಹೆಚ್ಚು ಕಾಲ ದಿನದಿನವೂ ಸ್ವಲ್ಪಸ್ವಲ್ಪವಾಗಿ ಅದನ್ನು ಚಿತ್ರಿಸಿ ತೋರಿಸಿದ ಮೇಲೆಯೇ ಅವರ ಕೆಲಸಕ್ಕೆ ಹಣ ಒದಗಿದುದು. 1913ರ ಮೇ 3ರಂದು ಮುಂಬಯಿಯಲ್ಲಿ ಜನರ ಮುಂದೆ ಬಂದ ‘ರಾಜಾ ಹರಿಶ್ಚಂದ್ರ’ಕ್ಕೆ ಬೀಜವು ಈ ಬಟಾಣಿಯ ಕಾಳೇ ಎನ್ನಬಹುದು. ಫಾಲ್ಕೆಯವರ ಪತ್ನಿ ಸರಸ್ವತೀಬಾಯಿಯವರು ಫಿಲ್ಮಿನ ಅಂಚಿಗೆ ರಂಧ್ರಗಳನ್ನು ಕೊರೆಯುವುದನ್ನು ಕಲಿತರು, ಫಿಲ್ಮನ್ನು ಸಂಸ್ಕರಿಸುವುದಕ್ಕೆ ನೆರವಾದರು, ಕೆಲಸ ಮಾಡುವವರಿಗೆಲ್ಲ ಅಡುಗೆಯನ್ನೂ ಮಾಡಿ ಬಡಿಸಿದರು. ನಮ್ಮ ದೇಶದ ಚಲಚ್ಚಿತ್ರವು ಒಂದು ಸಂಸಾರದ ಮನೆಯಲ್ಲಿಯೇ ಕಣ್ಣುಬಿಟ್ಟಿತೆಂಬುದನ್ನು ಗೃಹಿಣಿಯರು ಮರೆಯಬಾರದು.

ಈ ವಿದ್ಯೆಯನ್ನು ತರಗತಿಯಲ್ಲಿ ಕಲಿಸುವ ಪದ್ಧತಿಯೂ ನೂರು ವರ್ಷಕ್ಕಿಂತ ಹಳೆಯದು. ಮಾಸ್ಕೋ ನಗರದ ಚಲಚ್ಚಿತ್ರ ವಿದ್ಯಾಲಯವು 1919ರಲ್ಲಿ ಹುಟ್ಟಿತು. ಆ ಕಾಲದಲ್ಲಿ ಅಲ್ಲಿ ಫಿಲ್ಮಿಗೆ ಬಹಳ ಬರಗಾಲವಿದ್ದುದರಿಂದ, ಉಪಾಧ್ಯಾಯರಾದ ಕುಲೆಶೋವರ ಶಿಷ್ಯರು ಫಿಲ್ಮೇ ಇಲ್ಲದೆ ಚಿತ್ರವನ್ನು ಆಡಿ ತೋರಿಸಿ ಅಭ್ಯಾಸ ಮಾಡುತ್ತಿದ್ದರು. ನಮ್ಮಲ್ಲಿ 1960ರಲ್ಲಿ ಪುಣೆಯ ಪ್ರಭಾತ್ ಸ್ಟುಡಿಯೋದ ಆವರಣದಲ್ಲಿ ಸರ್ಕಾರದ ಚಲಚ್ಚಿತ್ರ ವಿದ್ಯಾಲಯವು ಆರಂಭವಾಯಿತು. ಕನ್ನಡದ ಹೆಸರಾಂತ ನಿರ್ದೇಶಕರಾದ ಗಿರೀಶ ಕಾಸರವಳ್ಳಿಯವರು ಅಲ್ಲಿ ವಿದ್ಯಾರ್ಥಿಯಾಗಿದ್ದಾಗ ‘ಅವಶೇಷ್’ ಎಂಬ ಕಿರುಚಿತ್ರವನ್ನು ತೆಗೆದರು. ಅನಂತರ 1977ರಲ್ಲಿ ‘ಘಟಶ್ರಾದ್ಧ’ವು ಬಂದಿತು. ತೀರ ಈಚಿನ ನಿದರ್ಶನವೂ ಉಂಟು. ವೈದ್ಯಶಾಸ್ತ್ರವನ್ನು ಓದಿ ಬಳಿಕ ಅದೇ ಸಂಸ್ಥೆಯನ್ನು ಸೇರಿದ ಚಿದಾನಂದ ನಾಯ್ಕರು, ಸಹಪಾಠಿಗಳೊಡನೆ ವರ್ಷಾಂತ್ಯದ ಅಭ್ಯಾಸಕ್ಕಾಗಿ ನಾಲ್ಕು ದಿನಗಳಲ್ಲಿ ಚಿತ್ರಿಸಿದ ಸುಮಾರು 16 ನಿಮಿಷಗಳ ಕನ್ನಡ ಚಿತ್ರಕ್ಕೆ 2024ರಲ್ಲಿ ಫ್ರಾನ್ಸಿನ ಕಾನ್ ಉತ್ಸವದ ವಿದ್ಯಾರ್ಥಿಚಿತ್ರ ವಿಭಾಗದಲ್ಲಿ ಪ್ರಥಮ ಬಹುಮಾನವು ದೊರೆಯಿತು. ‘ಸನ್‌ಫ್ಲವರ್ಸ್ ವರ್ ದ ಫಸ್ಟ್ ಒನ್ಸ್ ಟು ನೋ’ ಎಂಬುದು ಅದರ ಹೆಸರು. ಅದರ ಕಥೆಯು ಮಾತ್ರ ನಮ್ಮ ಅಜ್ಜಿಯರ ಮಡಿಲಿನದು: ಮುದುಕಿಯೊಬ್ಬಳು ಊರ ಕೋಳಿಹುಂಜವನ್ನು ಕದ್ದೊಯ್ದಳೆಂದೂ, ಅದರಿಂದ ಊರಿಗೆ ಬೆಳಗೇ ಆಗಲಿಲ್ಲವೆಂದೂ ಹೇಳುವ ಕಥೆ. ಅಜ್ಜಿಯ ಮಾತಿಗೆ ಕಿವಿಗೊಡುವುದು ಕಾಲಹರಣವಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಬಹುಮಾನದ ಮಾತು ಹಾಗಿರಲಿ. ಎಲ್ಲ ವಿದ್ಯಾರ್ಥಿಗಳೂ ಕಾನ್ ನಗರಕ್ಕೆ ಹೋಗುವವರಲ್ಲ, ಹೋಗಬೇಕಾದುದೂ ಇಲ್ಲ. ಹುಡುಗಿಯ ಟಿಪ್ಪಣಿಯಲ್ಲಿ ನಮ್ಮ ಮನಸ್ಸನ್ನು ಹಿಡಿದ ಸಂಗತಿಯು ಬೇರೆ. ಫಿಲ್ಮಿನ ಕಾಲದಲ್ಲಿ 5 ನಿಮಿಷದ ಚಿತ್ರವೆಂದರೆ 450 ಅಡಿಯ ಸುರುಳಿ. ಅಡಿ ಅಡಿಗೂ ಹಣ. ತೆಗೆಯುವ ಮುನ್ನವೇ ಬೇಕು ಬೇಡಗಳನ್ನು ನಿಶ್ಚಯಿಸಬೇಕಾಗಿತ್ತು. ಮೊಬೈಲಿಗೆ ಆ ಕಟ್ಟಿಲ್ಲ. ಅವಳು ಎರಡು ದಿನಗಳಲ್ಲಿ ತೆಗೆದುದು 3 ಗಂಟೆಗೂ ಹೆಚ್ಚಾಯಿತು. ಬಿಡುವ ಕೆಲಸವೆಲ್ಲ ತೆಗೆದಾದ ಮೇಲೆ ಬಂದು ತಲೆಯ ಮೇಲೆ ಕುಳಿತಿತು. ಮೋಡ ಕವಿದದ್ದು, ಕಾಗೆಗಳನ್ನು ಬೆದರಿಸಲು ಕಟ್ಟಿದ ಕಪ್ಪು ಕೊಡೆ, ಸಂಜೆ ಬಟ್ಟೆಯ ಹಿಂಬದಿಗೆ ನೀರು ಚಿಮುಕಿಸಿ ಸಂಡಿಗೆಯನ್ನು ಬಿಡಿಸುವುದು – ಯಾವುದನ್ನು ಇಟ್ಟುಕೊಳ್ಳುವುದು, ಯಾವುದನ್ನು ಬಿಡುವುದು? ‘ತೆಗೆಯುವುದಕ್ಕಿಂತ ಬಿಡುವುದೇ ಕಷ್ಟ’ ಎಂದು ಅವಳು ಬರೆದಿದ್ದಾಳೆ.

ಹೀಗೆ ಆರಿಸುವಾಗಲೇ ನಿಜವಾದ ಪರೀಕ್ಷೆಯು ಎದುರಾಯಿತು. ಎರಡನೆಯ ದಿನ ಅಜ್ಜಿ ಸಂಡಿಗೆ ಇಡುತ್ತಿದ್ದ ಹಾಗೆಯೇ, ಮೊಮ್ಮಗಳು ಕೇಳದಿದ್ದರೂ, ತಮ್ಮ ಬಾಲ್ಯದ ಒಂದು ಸಂಗತಿಯನ್ನು ಹೇಳಿಕೊಂಡರು. ಹೇಳುತ್ತಾ ಹೇಳುತ್ತಾ ಕಂಠ ಕಟ್ಟಿ, ಹಿಟ್ಟಿನ ಕೈಯನ್ನು ಬದಿಗೆ ಹಿಡಿದು, ಭುಜದ ಮೇಲಿನ ಸೆರಗಿಗೆ ಕಣ್ಣನ್ನೊತ್ತಿಕೊಂಡರು. 40 ಸೆಕೆಂಡುಗಳ ತುಣುಕು ಅದು. ಮೊಬೈಲು ಅಷ್ಟನ್ನೂ ಹಿಡಿದಿತ್ತು. ಸಂಗತಿಯು ಏನೆಂಬುದನ್ನು ಅವಳು ಟಿಪ್ಪಣಿಯಲ್ಲಿ ಬರೆದಿಲ್ಲ. ನಾವು ಕೇಳಲೂ ಇಲ್ಲ. ಸ್ನೇಹಿತೆಯರು ನೋಡಿ, “ನಿನ್ನ ಚಿತ್ರದ ಜೀವವೇ ಇಲ್ಲಿದೆ, ಉಳಿದದ್ದೆಲ್ಲ ಬರೀ ಸಂಡಿಗೆ” ಎಂದರು. ಅವಳಿಗೂ ಹಾಗೆಯೇ ತೋರಿತು. ಆದರೆ ಜೋಡಿಸಿದ ಚಿತ್ರವನ್ನು ಒಪ್ಪಿಸುವ ಮುನ್ನ ಅಜ್ಜಿಗೆ ತೋರಿಸಿದಳು. ಅಜ್ಜಿ ಕೊನೆಯವರೆಗೂ ಸುಮ್ಮನೆ ನೋಡಿ, “ಎಲ್ಲಾ ಚೆನ್ನಾಗಿದೆ ಪುಟ್ಟಿ. ಅದೊಂದನ್ನ ತೆಗೆದುಬಿಡು. ಅದು ನಿನಗೆ ಹೇಳಿದ್ದು, ನಿನ್ನ ಕ್ಲಾಸಿಗೆ ಹೇಳಿದ್ದಲ್ಲ” ಎಂದರು.

ಒಪ್ಪಿಸಲು ಎರಡು ದಿನ ಉಳಿದಿತ್ತು. ಆ ಎರಡು ರಾತ್ರಿಯೂ ಅವಳಿಗೆ ನಿದ್ರೆ ಹತ್ತಲಿಲ್ಲವಂತೆ. ಅಜ್ಜಿಗೆ ಮೊಬೈಲಿನ ವ್ಯವಹಾರ ತಿಳಿಯದು. ತರಗತಿಯಲ್ಲಿ ತೋರಿಸಿದರೆ ಅವರಿಗೆ ಗೊತ್ತಾಗುವ ಸಂಭವವೇ ಇರಲಿಲ್ಲ. ಇರಿಸಿದರೆ ಅಂಕ, ಮೆಚ್ಚುಗೆ. ತೆಗೆದರೆ ನಡುವೆ ಒಂದು ಬರಿದು. ಕಡೆಗೆ ಅವಳು ತೆಗೆದಳು. ಅಲ್ಲಿ ಒದ್ದೆಯ ಬಟ್ಟೆಯ ಮೇಲೆ ಸಾಲಾಗಿ ಒಣಗುವ ಸಂಡಿಗೆಯನ್ನೂ ಗಾಳಿಗೆ ತಿರುಗುವ ಕಪ್ಪು ಕೊಡೆಯನ್ನೂ ಇಟ್ಟಳು. ಬೋಧಕರು ಚಿತ್ರವನ್ನು ನೋಡಿ, ನಡುವೆ ಏನೋ ತಪ್ಪಿಹೋದಂತಿದೆಯೆಂದು ಬರೆದು ನಡುತರದ ಅಂಕವನ್ನು ಕೊಟ್ಟರು. ಅವಳು ಕಾರಣವನ್ನು ಹೇಳಲಿಲ್ಲ; ಹೇಳಿದರೆ ಅಜ್ಜಿಯ ಮಾತನ್ನು ಅರ್ಧ ಹೇಳಿದಂತಾಗುವುದೆಂದು ಭಾವಿಸಿದಳು. ತೆಗೆದ ತುಣುಕನ್ನು ಅಳಿಸಿಬಿಡಲೇ ಎಂದು ಕೇಳಿದಾಗ ಅಜ್ಜಿ, “ಬೇಡ, ನಿನ್ನ ಹತ್ತಿರ ಇರಲಿ” ಎಂದರಂತೆ.

ಅಂಕವನ್ನು ಕೊಟ್ಟ ಬೋಧಕರನ್ನು ನಾವು ದೂರಲಾರೆವು. ಕಾಣದುದಕ್ಕೆ ಅವರು ಅಂಕ ಕೊಡುವುದೆಂತು? ಆದರೆ ಆ ಹುಡುಗಿಯು ಈ ವಿದ್ಯೆಯ ಮರ್ಮವನ್ನೇ ಕಲಿತಳೆಂದು ನಮ್ಮ ಅಭಿಪ್ರಾಯ. ಮೇಲೆ ಹೇಳಿದ ಕುಲೆಶೋವರು ನಟನೊಬ್ಬನ ಭಾವರಹಿತವಾದ ಮುಖವನ್ನು ಒಮ್ಮೆ ಊಟದ ತಟ್ಟೆಯ ಪಕ್ಕದಲ್ಲಿ, ಒಮ್ಮೆ ಶವಪೆಟ್ಟಿಗೆಯ ಪಕ್ಕದಲ್ಲಿ ಜೋಡಿಸಿ ತೋರಿಸಿದರಂತೆ. ನೋಡಿದವರು ಅದೇ ಮುಖದಲ್ಲಿ ಒಮ್ಮೆ ಹಸಿವನ್ನೂ ಒಮ್ಮೆ ಶೋಕವನ್ನೂ ಕಂಡರಂತೆ. ಅಂದ ಮೇಲೆ, ಒಬ್ಬರ ಮುಖವು ನಮ್ಮ ಕೈಗೆ ಸಿಕ್ಕಿತೆಂದರೆ ಅದಕ್ಕೆ ಯಾವ ಅರ್ಥವನ್ನಾದರೂ ಹಚ್ಚುವ ಬಲವು ನಮ್ಮ ಕೈಗೆ ಬಂದಂತೆ. 1922ರಲ್ಲಿ ಹಿಮಪ್ರದೇಶದ ಒಂದು ಕುಟುಂಬವನ್ನು ಕುರಿತು ‘ನಾನೂಕ್’ ಎಂಬ ಪ್ರಸಿದ್ಧ ಚಿತ್ರವನ್ನು ತೆಗೆದ ಫ್ಲಾಹರ್ಟಿಯವರು, ಹಿಮದ ಮನೆಯೊಳಗೆ ಬೆಳಕು ಸಾಲದೆ ಒಂದು ಪಕ್ಕ ತೆರೆದ ಮನೆಯನ್ನು ಕಟ್ಟಿಸಿ ಅದರೊಳಗೆ ಅವರನ್ನು ಮಲಗಿಸಿ ಚಿತ್ರಿಸಿದರು. ನಿಜವನ್ನು ತೋರಿಸಲು ಎಷ್ಟನ್ನು ಏರ್ಪಡಿಸಬಹುದು, ಯಾರನ್ನು ಕೇಳಬೇಕು ಎಂಬ ಚರ್ಚೆಯು ಆಗಿನಿಂದ ಇಂದಿನವರೆಗೂ ನಿಂತಿಲ್ಲ. ದೊಡ್ಡವರೇ ಬಗೆಹರಿಸದ ಪ್ರಶ್ನೆಗೆ ಈ ಹುಡುಗಿಯು ತನ್ನ ಮನೆಯ ತಾರಸಿಯ ಮೇಲೆ ಒಂದು ಉತ್ತರವನ್ನು ಕಂಡುಕೊಂಡಳು: ಯಾರ ಮುಖವೋ ಅವರ ಮಾತೇ ಕೊನೆಯದು.

‘ಇದೂ ಒಂದು ಓದೇ?’ ಎಂದು ಕೇಳುವವರಿಗೆ ನಮ್ಮ ಉತ್ತರವು ಇಷ್ಟು. ಬೆಳಕಿಗಾಗಿ ಕಾಯುವುದನ್ನೂ, ತಾನೇ ತೆಗೆದುದನ್ನು ಬಿಡುವುದನ್ನೂ, ಎದುರಿಗಿರುವವರ ಒಪ್ಪಿಗೆಯನ್ನು ಕೇಳುವುದನ್ನೂ ಕಲಿಸುವ ಅಭ್ಯಾಸವು ಓದೇ ಸರಿ. ಇಂದು ಮದುವೆ, ನಾಮಕರಣ, ಆಸ್ಪತ್ರೆ, ಸಾವಿನ ಮನೆಗಳಲ್ಲಿಯೂ ಎತ್ತಿದ ಕೈಗಳಲ್ಲಿ ಮೊಬೈಲುಗಳು ಕಾಣುತ್ತವೆ. ಅವುಗಳನ್ನು ಹಿಡಿದವರಲ್ಲಿ ಎಷ್ಟು ಮಂದಿ ಕೇಳಿ ತೆಗೆಯುವರು? ತೆಗೆದ ಮೇಲೆ ಎಷ್ಟು ಮಂದಿ ತೋರಿಸಿ ಕಳುಹಿಸುವರು?

ಆದುದರಿಂದ ಮನೆಯ ಹಿರಿಯರಲ್ಲಿ ನಮ್ಮ ವಿಜ್ಞಾಪನೆಯಿದು. ಮಕ್ಕಳು ಇಂತಹ ಅಭ್ಯಾಸವನ್ನು ತಂದಾಗ ಒಂದು ಗಂಟೆಯ ಕಾಲ ಫ್ಯಾನನ್ನು ನಿಲ್ಲಿಸಿ ಸಹಕರಿಸಿರಿ. ಹಿಟ್ಟು ಕಾಯದೆಂಬುದನ್ನೂ ತಿಳಿಸಿರಿ. ಮುಗಿದ ಚಿತ್ರವನ್ನು ಎಲ್ಲರಿಗಿಂತ ಮೊದಲು ಅದರಲ್ಲಿ ಇರುವವರಿಗೆ ತೋರಿಸಬೇಕೆಂಬ ನಿಯಮವನ್ನು ಮಾಡಿರಿ. ತೋರಿಸಿದಾಗ ‘ಬೇಡ’ ಎನ್ನಲು ನೀವೂ ಸಂಕೋಚಪಡಬೇಡಿರಿ. ಅದನ್ನು ಕೇಳಿ ತೆಗೆದುಹಾಕಿದ ಮಗುವನ್ನು, ಅಂಕವು ಎಷ್ಟೇ ಬಂದಿರಲಿ, ಹತ್ತಿರ ಕರೆದು ಮೆಚ್ಚಿರಿ.